ಹಾಸಿಗೆ ಕೊಡವುವ ಸುನ್ನತ್ತು

ಮಲಗುವ ಮುನ್ನ ಹಾಸಿಗೆಯನ್ನು ಉಟ್ಟ ವಸ್ತ್ರದ ಅಂಚಿನಿಂದ ಕೊಡವಿಕೊಳ್ಳಬೇಕೆಂದೂ, ತಾನು ಎದ್ದುಹೋದ ಬಳಿಕ ಅಲ್ಲಿ ಏನು ಬಂದು ಸೇರಿದೆಯೆಂಬುದು ಮಲಗುವವನಿಗೆ ತಿಳಿದಿರುವುದಿಲ್ಲವೆಂದೂ ಪ್ರವಾದಿ(ಸ) ಕಲಿಸಿದ್ದನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಮದ್ರಸದ ಮಕ್ಕಳಿಂದ ಇದನ್ನು ಬಾಯಿಪಾಠ ಮಾಡಿಸುತ್ತಿದ್ದ ನಾನು ಬಹುಕಾಲ ಇದನ್ನು ಶಿಷ್ಟಾಚಾರದ ಪಾಠವೆಂದೇ ಎಣಿಸಿದ್ದೆ. ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಇದು ಪ್ರಾಣದ ಪಾಠವೆಂದು ಅರಿವಾದದ್ದು ತಡವಾಗಿ.

ನಮ್ಮ ಮನೆಗಳನ್ನೊಮ್ಮೆ ನೋಡಿರಿ. ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು, ಹಲವು ಕಡೆ ಮಾಳಿಗೆಗೂ ಅದೇ ಕಲ್ಲು. ಕಲ್ಲು ಕಲ್ಲಿನ ನಡುವೆ ಬಿರುಕು. ಹಿತ್ತಲಲ್ಲಿ ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆ. ಹಗಲಿನ ಬಿಸಿಲಿಗೆ ಹೆದರಿ ಸಂದುಗಳಲ್ಲಿ ಅಡಗಿದ ಚೇಳು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಬೇಸಗೆಯ ಸೆಕೆಯಲ್ಲಿ ನಾವೂ ಅದೇ ಹೊತ್ತಿಗೆ ನೆಲದ ಮೇಲೆ ಚಾಪೆ ಹಾಸುತ್ತೇವೆ.

ಎಂಟು ವರ್ಷಗಳ ಹಿಂದೆ ನಾನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಮಸೀದಿಯಲ್ಲಿದ್ದೆ. ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಹೊರಬರುವಷ್ಟರಲ್ಲಿ ಪಕ್ಕದ ಓಣಿಯ ರೈತನೊಬ್ಬ ಏಳು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ಬಂದಿದ್ದ. ತಾಯಿ ಹಿಂದೆ ಓಡುತ್ತ ಬರುತ್ತಿದ್ದಳು. "ಮೌಲ್ವಿ ಸಾಬ್ರ, ಹುಡುಗಗ ಚೇಳ ಕಡದದ. ದಮ್ ಮಾಡ್ರಿ" ಎಂದ. ಅವರು ಮುಸ್ಲಿಮರಲ್ಲ. ಆದರೆ ಚೇಳು, ಬೆದರಿಕೆ, ರಚ್ಚೆ ಹಿಡಿದ ಕೂಸು ಇವಿಷ್ಟಕ್ಕೆ ಮಸೀದಿಯ ಕಟ್ಟೆಗೆ ಬರುವುದು ನಮ್ಮ ಕಡೆ ಎಲ್ಲ ಮನೆಗಳ ರೂಢಿ.

ನಾನು ಸೂರಃ ಫಾತಿಹಾ ಏಳು ಬಾರಿ ಓದಿ ಊದಿದೆ. ಹುಡುಗ ಮೊದಲು ಚೀರುತ್ತಿದ್ದವನು ಕ್ರಮೇಣ ಶಾಂತನಾದ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮನಸ್ಸಿನಲ್ಲಿ ಸಣ್ಣದೊಂದು ಹೆಮ್ಮೆ ಮೂಡಿದ್ದನ್ನು ಇಲ್ಲಿ ಮುಚ್ಚಿಡಲಾರೆ. ಇಶಾ ಅಝಾನಿನ ತನಕ ಅವರನ್ನು ಕಟ್ಟೆಯ ಮೇಲೆಯೇ ಕೂರಿಸಿಕೊಂಡೆ. ಅಷ್ಟರಲ್ಲಿ ಹುಡುಗ ಎರಡು ಸಲ ವಾಂತಿ ಮಾಡಿದ. ಅಂಗಿ ಬೆವರಿನಿಂದ ತೊಯ್ದಿತ್ತು. ಸೆಕೆಯೆಂದುಕೊಂಡು ಪಾದ ಮುಟ್ಟಿದರೆ ಬಾವಿಯ ನೀರಿನಂತೆ ತಣ್ಣಗಿತ್ತು.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ವೈದ್ಯರು ಕೈಕಾಲು ಮುಟ್ಟಿ ನೋಡಿ, ಎದೆ ಪರೀಕ್ಷಿಸಿ, ತಕ್ಷಣ ಒಂದು ಗುಳಿಗೆ ಕೊಟ್ಟರು. ಆಂಬುಲೆನ್ಸ್ ಕರೆಸಿ ಕಲಬುರಗಿಗೆ ಕಳುಹಿಸಲು ಸಿದ್ಧತೆ ಮಾಡಿದರು. ಸುಮಾರು 40 ಕಿ.ಮೀ. ದಾರಿ. ಅಲ್ಲಿಯವರೆಗೆ ಏನು ಮಾಡಿದಿರಿ ಎಂದು ಕೇಳಿದಾಗ ನಾನೇ ಉತ್ತರಿಸಬೇಕಾಯಿತು. ಅವರು ಬೈಯಲಿಲ್ಲ. "ಓದ್ರಿ ಮೌಲ್ವಿ ಸಾಬ್, ಬ್ಯಾಡ ಅನ್ನಂಗಿಲ್ಲ. ಆದ್ರ ಗಾಡ್ಯಾಗ ಕುಂತು ಓದ್ರಿ" ಎಂದರು.

ಹುಡುಗ ಬದುಕಿದ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಆಧಾರವಾಗಿದ್ದುದು ಅಬೂ ಸಈದ್ ಅಲ್‌ ಖುದ್ರಿ(ರ)ಯವರ ಪ್ರಸಿದ್ಧ ಹದೀಸ್. ಪ್ರಯಾಣದಲ್ಲಿದ್ದ ಸಹಾಬಿಗಳಿಗೆ ಒಂದು ಗೋತ್ರದವರು ಆತಿಥ್ಯ ನಿರಾಕರಿಸಿದರು. ಆ ಗೋತ್ರದ ನಾಯಕನಿಗೇ ವಿಷಜಂತು ಕಚ್ಚಿತು. ಫಾತಿಹಾ ಓದಿ ಊದಿದಾಗ ಅವನು ಗುಣಮುಖನಾದ. ಪ್ರವಾದಿ(ಸ) ಅದನ್ನು ಮೆಚ್ಚಿದರು. ಮರುದಿನ ಬುಖಾರಿಯ ಮೂಲಪಾಠ ತೆರೆದು ಕುಳಿತೆ. ಆ ಜನರು ನಾಯಕನಿಗಾಗಿ ತಮಗೆ ತಿಳಿದ ಸಕಲ ಉಪಾಯಗಳನ್ನೂ ಮಾಡಿ, ಯಾವುದೂ ಫಲಿಸದೆ ಹೋದ ಮೇಲೆಯೇ ಸಹಾಬಿಗಳ ಬಳಿಗೆ ಬಂದರೆಂದು ಅಲ್ಲಿ ಸ್ಪಷ್ಟವಾಗಿದೆ. ವರ್ಷಗಟ್ಟಲೆ ಪಾಠ ಹೇಳಿದ ನಾನು ಆ ಮಾತನ್ನು ದಾಟಿಕೊಂಡೇ ಹೋಗಿದ್ದೆ. ಸ್ವತಃ ಪ್ರವಾದಿ(ಸ)ಯವರನ್ನು ನಮಾಝಿನಲ್ಲಿ ಚೇಳು ಕುಟುಕಿದ ಪ್ರಸಂಗವೂ ಹದೀಸ್‌ಗಳಲ್ಲಿದೆ. ಅಲಿ(ರ)ಯವರಿಂದ ಬಂದ ವರದಿಯ ಪ್ರಕಾರ ಅವರು ನೀರು, ಉಪ್ಪು ತರಿಸಿ ಗಾಯವನ್ನು ಉಜ್ಜುತ್ತಲೇ ಸೂರಃಗಳನ್ನು ಓದಿದರು. ಕೈಗೆಟುಕಿದ ಮದ್ದೂ ಇತ್ತು, ಓದೂ ಇತ್ತು.

ಅನಂತರ ನಾನು ಚೇಳಿನ ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಕಲ್ಲುಗಳಡಿ ಸಿಗುವ, ದಪ್ಪ ಕೊಂಡಿಗಳ ದೊಡ್ಡ ಕರಿಚೇಳು ನೋಡಲು ಭಯಂಕರ, ವಿಷ ಮಾತ್ರ ಅಲ್ಪ. ಸಣಕಲು ಕೊಂಡಿಯ, ದಪ್ಪ ಬಾಲದ ಕೆಂಪು ಚೇಳೇ ನಿಜವಾದ ಅಪಾಯ. ಅದರ ವಿಷ ಹೃದಯದ ಮೇಲೆ ಎರಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುವಂತೆ ಮಾಡುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು. ವಾಂತಿ, ಬೆವರು, ತಣ್ಣಗಾದ ಕೈಕಾಲು ಅದರ ಮುನ್ಸೂಚನೆ. ನೋವು ಅಡಗಿದೊಡನೆ ವಿಷ ಅಡಗಿತೆಂದು ತಿಳಿಯುವುದು ದೊಡ್ಡ ತಪ್ಪು. ನಾನು ಮಾಡಿದ್ದು ಅದೇ ತಪ್ಪು.

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಎಂಬ ವೈದ್ಯರು ಇಂಥ ಮಕ್ಕಳ ಮಗ್ಗುಲಲ್ಲಿ ರಾತ್ರಿಗಳನ್ನು ಕಳೆದು, ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆ ಈ ವಿಷವನ್ನು ತಡೆಯಬಲ್ಲದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ಅದಕ್ಕೆ ಮೊದಲು ವಿಷ ತೀವ್ರವಾಗಿ ಏರಿದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾಯುತ್ತಿದ್ದರು. ಈಗ ಸಕಾಲಕ್ಕೆ ತಲುಪಿದವರಲ್ಲಿ ಸಾವು ಬಹಳ ವಿರಳ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಶಮನವನ್ನು ಇಳಿಸಿದ್ದಾನೆಂಬ ಹದೀಸನ್ನು ಈಗ ನಾನು ಪಾಠ ಮಾಡುವಾಗ ಈ ಗುಳಿಗೆಯ ಕಥೆಯನ್ನೂ ಸೇರಿಸುತ್ತೇನೆ.

ಚೇಳಿನ ಮರಿಗಳು ತಾಯಿಯ ಬೆನ್ನು ಸೀಳಿ ಹುಟ್ಟುತ್ತವೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅದು ನಿಜವಲ್ಲ. ತಾಯಿಯು ಮರಿಗಳನ್ನೇ ಹೆತ್ತು, ಅವು ಮೊದಲ ಪೊರೆ ಕಳಚುವವರೆಗೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಾಗೆಂದು ಮನೆಯೊಳಗೆ ಬಂದ ಚೇಳಿಗೆ ಕರುಣೆ ತೋರಬೇಕಾಗಿಲ್ಲ. ಇಹ್ರಾಮಿನಲ್ಲಿದ್ದಾಗಲೂ ಕೊಲ್ಲಬಹುದಾದ ಐದು ಜೀವಿಗಳಲ್ಲಿ ಅದೂ ಒಂದು.

ಅದರ ಬಳಗದ್ದೇ ಆದ, ಎಂಟು ಕಾಲಿನ ಜೇಡನ ವಿಚಾರ ಬೇರೆ. ನಮ್ಮ ಮನೆಯ ಮೂಲೆಯ ಜೇಡ ಸೊಳ್ಳೆ, ನೊಣ ತಿಂದು ಬದುಕುವ ನಿರುಪದ್ರವಿ. ಸೌರ್ ಗುಹೆಯ ಪ್ರಸಂಗದಿಂದಾಗಿ ಹಿರಿಯರು ಅದನ್ನು ಕೊಲ್ಲಗೊಡುತ್ತಿರಲಿಲ್ಲ. ಬಲೆಯ ಆ ವರದಿಯ ಪ್ರಮಾಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ, ಆದರೆ ಆ ಮರ್ಯಾದೆ ಒಳ್ಳೆಯದೇ. ಕುರ್‌ಆನ್ ಜೇಡನ ಮನೆಯನ್ನು ಅತಿ ದುರ್ಬಲವೆಂದಿದೆ. ನೂಲಾದರೋ ಅದೇ ತೂಕದ ಉಕ್ಕಿಗಿಂತ ಗಟ್ಟಿಯೆಂದು ವಿಜ್ಞಾನ ಹೇಳುತ್ತದೆ. ಹಾಗಾದರೆ ವಿರೋಧವಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ನೂಲು ಗಟ್ಟಿಯಿದ್ದರೂ ಆ ಮನೆ ಬಿಸಿಲು, ಮಳೆ, ಚಳಿ ಯಾವುದನ್ನೂ ತಡೆಯದು ಎಂದೆ. ಕನ್ನಡದಲ್ಲಿ ಜೇಡ ಎಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಮುದನೂರು ನಮ್ಮ ನೆರೆಯದೇ.

ಇನ್ನು ಉಣ್ಣಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಆ ರೋಗ ಮಲೆನಾಡಿನದು. ಆದರೂ ಈದ್‌ಗೆಂದು ತಂದ ಹೋತದ ಕಿವಿಯೊಳಗೆ ಒಮ್ಮೆ ನೋಡಿ, ಅದರ ಪಕ್ಕ ಮಕ್ಕಳನ್ನು ಮಲಗಿಸಬೇಡಿ.

ಕಳೆದ ಬೇಸಗೆಯಲ್ಲಿ ಅದೇ ರೈತ ಮತ್ತೆ ಬಂದ. ಈ ಬಾರಿ ಕಡಿದದ್ದು ಅವನ ಹೆಂಡತಿಗೆ. "ದಮ್ ಮಾಡ್ರಿ" ಎನ್ನುವ ಮೊದಲೇ ಅವನ ಮಗ, ಈಗ ಹದಿನೈದರ ಹುಡುಗ, ಬೈಕ್ ಚಾಲೂ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ. ತಾಯಿಯನ್ನು ನಡುವೆ ಕೂರಿಸಿದೆವು. ಅವಳು ಬೀಳದಂತೆ ಹಿಂದಿನಿಂದ ಹಿಡಿದುಕೊಳ್ಳಲು ಗಂಡನನ್ನು ಹತ್ತಿಸಿದೆವು. ನನಗೆ ಜಾಗವಿರಲಿಲ್ಲ. ಇನ್ನೊಬ್ಬರ ಗಾಡಿಯ ಹಿಂದೆ ಕುಳಿತು, ಅವರ ಕೆಂಪು ದೀಪವನ್ನೇ ನೋಡುತ್ತ, ದಾರಿಯುದ್ದಕ್ಕೂ ಫಾತಿಹಾ ಓದಿದೆ.