ಉಕ್ಕಿನ ವೀರರ ಮೊದಲ ಸಂಚಿಕೆ

ಮಾಲೆ ಯಾವುದೇ ಇರಲಿ, ಅದರ ಮೊದಲ ಸಂಚಿಕೆಯೆಂದರೆ ಮೊದಲ ದೀಪಾವಳಿಗೆ ಬರುವ ಹೊಸ ಅಳಿಯನಿದ್ದಂತೆ. ಮನೆಮಂದಿಯೆಲ್ಲ ಬಾಗಿಲಿಗೆ ಬಂದು ನಿಂತಿರುತ್ತಾರೆ. ಬಂದವನು ನಮ್ಮ ನಿಮ್ಮಂತೆ ಸಾಧಾರಣ ಮನುಷ್ಯನೆಂಬುದು ಊಟಕ್ಕೆ ಕುಳಿತ ಮೇಲೆ ತಿಳಿಯುತ್ತದೆ. ಚಿತ್ರಕಥೆಗಳ ಚರಿತ್ರೆಯಲ್ಲಿ ಇಂಥ ಅಳಿಯಂದಿರು ಬೇಕಾದಷ್ಟು ಮಂದಿ ಇದ್ದಾರೆ. ಅಮರ ಚಿತ್ರಕಥೆಯ ಮೊಟ್ಟಮೊದಲ ಹತ್ತು ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ ಎಂದರೆ ನಾವು ಎದೆಯುಬ್ಬಿಸಬಹುದು. ಆದರೆ ಪುಟ ತೆರೆದರೆ ಒಳಗಿದ್ದವರು ಸಿಂಡ್ರೆಲಾ, ಪಿನೋಕಿಯೊ ಮೊದಲಾದ ಪರದೇಶದ ನೆಂಟರು. ನಮ್ಮ ಕೃಷ್ಣ ಬಂದದ್ದು ಹನ್ನೊಂದನೆಯವನಾಗಿ. ಈಗ ಆ ಮಾಲೆಯ ಹೆಸರೆತ್ತಿದರೆ ಕೃಷ್ಣನಿಂದಲೇ ಲೆಕ್ಕ ಹಿಡಿಯುತ್ತಾರೆಯೇ ಹೊರತು ಆ ಹತ್ತು ಮಂದಿಯನ್ನು ಕೇಳುವವರಿಲ್ಲ.

ನಾನು ಹೇಳಹೊರಟದ್ದು ಇನ್ನೊಂದು ಮೊದಲ ಸಂಚಿಕೆಯ ಮಾತು. ಬೇಸಿಗೆಯ ರಜಕ್ಕೆಂದು ಬೆಂಗಳೂರಿನಿಂದ ಶಿಕಾರಿಪುರಕ್ಕೆ ಬಂದ ಹನ್ನೊಂದು ವರ್ಷದ ಮೊಮ್ಮಗ ತನ್ನ ಚೀಲದಲ್ಲಿ ಅದನ್ನು ಬಟ್ಟೆಗಳ ನಡುವೆ ಹುದುಗಿಸಿಕೊಂಡು ತಂದಿದ್ದ. ಹೆಸರು 'ಟ್ರಾನ್ಸ್‌ಫಾರ್ಮರ್ಸ್'. ನಮ್ಮೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಎಂದರೆ ಬೀದಿಯ ಕೊನೆಯಲ್ಲಿ ಎರಡು ಕಂಬಗಳ ನಡುವೆ ಕುಳಿತು, ಮೊದಲ ಮಳೆಯ ಸಂಜೆ ಢಮ್ಮೆಂದು, ಊರನ್ನೆಲ್ಲ ಕತ್ತಲೆಗೆ ಕೆಡಹುವ ಪೆಟ್ಟಿಗೆ. ಇವು ಬೇರೆ. ಇವು ಕಾರಾಗಿ, ಲಾರಿಯಾಗಿ, ವಿಮಾನವಾಗಿ ರೂಪ ಬದಲಿಸಬಲ್ಲ ಯಂತ್ರಮಾನವರು. ತಮ್ಮ ಲೋಕದಲ್ಲಿ ಎರಡು ಪಕ್ಷಗಳಾಗಿ ಒಡೆದು ಯುಗಯುಗಗಳಿಂದ ಕಾದಾಡುತ್ತಿರುವವರು. ಅಮೆರಿಕದ ಮಾರ್ವೆಲ್ ಸಂಸ್ಥೆ 1984ರಲ್ಲಿ ಹೊರಡಿಸಿದ ಮೊದಲ ಸಂಚಿಕೆಯ ಮರುಮುದ್ರಣ ಅದು.

ಯಂತ್ರಗಳ ಯುದ್ಧವೆಂದರೆ ನನಗೂ ಕುತೂಹಲವೇ. ಚಂದಮಾಮಕ್ಕಾಗಿ ಬಸ್ಸಿನ ದಾರಿ ಕಾದವನು ನಾನು. ಚಿತ್ರವಿರುವ ಪುಸ್ತಕ ಕಂಡರೆ ಇಂದಿಗೂ ಕನ್ನಡಕ ಹುಡುಕುತ್ತೇನೆ. ಅಜ್ಜ ಮೊಮ್ಮಗ ಇಬ್ಬರೂ ಜಗಲಿಯ ಮೇಲೆ ಕುಳಿತು ಒಂದೇ ಪುಸ್ತಕಕ್ಕೆ ತಲೆಯಿಟ್ಟೆವು. ಅವನಿಗೆ ಇಂಗ್ಲಿಷು ನನಗಿಂತ ಬೇಗ ಓಡುತ್ತದೆ. ಪುಟ ಮಗುಚುವ ಅಧಿಕಾರ ಅವನದು, ಅರ್ಥ ಕೇಳುವ ಕೆಲಸ ನನ್ನದು.

ಕಥೆ ಚೆನ್ನಾಗಿಯೇ ಹೊರಡುತ್ತದೆ. ಸೈಬರ್‌ಟ್ರಾನ್ ಎಂಬ ಉಕ್ಕಿನ ಗ್ರಹ, ಅಲ್ಲಿ ಘೋರ ಸಂಗ್ರಾಮ, ಅಲ್ಲಿಂದ ಹೊರಟ ಒಂದು ಹಡಗು, ಅದನ್ನು ಹಿಡಿಯಬಂದ ಶತ್ರುಗಳು. ಹಡಗು ಬಂದು ನಮ್ಮ ಭೂಮಿಯ ಬೆಟ್ಟಕ್ಕೆ ಬಡಿಯುತ್ತದೆ. ನಲವತ್ತು ಲಕ್ಷ ವರ್ಷ ನಿದ್ರೆ. ಕುಂಭಕರ್ಣನೂ ನಾಚಬೇಕು. ಕೊನೆಗೆ ಜ್ವಾಲಾಮುಖಿ ಸಿಡಿದು ಹಡಗಿಗೆ ಎಚ್ಚರವಾಗಿ, ಅದು ಮಿತ್ರ ಶತ್ರು ಎಂಬ ಭೇದವಿಲ್ಲದೆ ಎಲ್ಲರನ್ನೂ ರಿಪೇರಿ ಮಾಡಿ ಎಬ್ಬಿಸುತ್ತದೆ. ಎದ್ದವರು ಹೊರಗೆ ಬಂದು, ರಸ್ತೆಯ ಮೇಲೆ ಓಡುವ ಕಾರುಗಳೇ ಈ ಲೋಕದ ಪ್ರಜೆಗಳೆಂದು ಭಾವಿಸುತ್ತಾರೆ. ಈ ಒಂದು ಕಡೆ ನನಗೆ ನಿಜವಾಗಿ ಸಂತೋಷವಾಯಿತು. ಬೆಂಗಳೂರಿನಲ್ಲಿ ಇಳಿದಿದ್ದರೂ ಅವರು ಹಾಗೆಯೇ ಭಾವಿಸುತ್ತಿದ್ದರು.

ಆದರೆ ಈ ನಡುವೆ ಯುದ್ಧ ನಿಂತುಬಿಡುತ್ತದೆ. ಏಕೆಂದರೆ ಹಾಜರಿ ತೆಗೆದುಕೊಳ್ಳಬೇಕು! ಇಪ್ಪತ್ತಕ್ಕೂ ಹೆಚ್ಚು ಯಂತ್ರವೀರರು ಮೇಷ್ಟರ ಮುಂದೆ ನಿಂತ ಹುಡುಗರಂತೆ ಒಬ್ಬೊಬ್ಬರಾಗಿ ತಮ್ಮ ಹೆಸರು, ತಮ್ಮ ಕೆಲಸ, ತಮ್ಮ ವಿಶೇಷ ಹೇಳಿಕೊಳ್ಳುತ್ತಾರೆ. ಒಂದು ಪಕ್ಷದ್ದು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು ಪಕ್ಷ. ಯಕ್ಷಗಾನದಲ್ಲಿಯೂ ಒಡ್ಡೋಲಗವುಂಟು, ಒಪ್ಪಿದೆ. ಆದರೆ ಅಲ್ಲಿ ಚೆಂಡೆಯಿದೆ, ಕುಣಿತವಿದೆ, ಕಿರೀಟವಿದೆ. ಇಲ್ಲಿ ಇದ್ದದ್ದು ಅಂಗಡಿಯ ಪಟ್ಟಿ.

ಅಂಗಡಿಯ ಪಟ್ಟಿ ಎಂದದ್ದು ಬೈಗುಳವಲ್ಲ, ಇತಿಹಾಸ. ಜಪಾನಿನ ತಕಾರಾ ಕಂಪನಿ ಮಾಡುತ್ತಿದ್ದ ಗೊಂಬೆಗಳನ್ನು ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ತನ್ನ ದೇಶದಲ್ಲಿ ಮಾರಲೆಂದು ತೆಗೆದುಕೊಂಡಿತು. ಗೊಂಬೆ ಸಿಕ್ಕಿತು, ಕಥೆ ಇರಲಿಲ್ಲ. ಕಥೆ ಕಟ್ಟುವ ಕೆಲಸ ಮಾರ್ವೆಲ್ಲಿಗೆ ಬಂತು. ಹೆಚ್ಚಿನವರಿಗೆ ನಾಮಕರಣ ಮಾಡಿದವರು ಅಲ್ಲಿನ ಸಂಪಾದಕ ಬಾಬ್ ಬುಡಿಯಾನ್ಸ್ಕಿ. ನಾಲ್ಕೇ ಸಂಚಿಕೆಗಳಿಗೆಂದು ಹೊರಟದ್ದು 1991ರವರೆಗೆ ಎಂಬತ್ತು ಸಂಚಿಕೆ ನಡೆಯಿತು. ಮುಂದಿನವುಗಳಲ್ಲಿ ಬೀಳುವವರು ಬಿದ್ದರು, ಅಳುವವರು ಅತ್ತರು, ಕಥೆಗೆ ರಕ್ತ ಬಂತು ಎಂದು ಬಲ್ಲವರು ಹೇಳುತ್ತಾರೆ, ಇರಬಹುದು. ನಮ್ಮ ಕೈಯಲ್ಲಿದ್ದದ್ದು ಮೊದಲನೆಯದು.

"ಅಷ್ಟೇನಾ?" ಎಂದ ಹುಡುಗ, ಕೊನೆಯ ಪುಟ ಮಗುಚಿ.

"ಏಕೋ, ಚೆನ್ನಾಗಿಲ್ಲವೇ?"

"ಎಲ್ಲರೂ ಬರೀ ಹೆಸರು ಹೇಳ್ತಾರೆ ಅಜ್ಜಾ. ಬಿದ್ರೂ ಎದ್ದೇಳ್ತಾರೆ. ಯಾರಿಗೂ ಏನೂ ಆಗಲ್ಲ."

ವಿಮರ್ಶಕರು ನಾಲ್ಕು ಅಂಕಣ ಬರೆಯುವುದನ್ನು ಅವನು ಮೂರು ವಾಕ್ಯಗಳಲ್ಲಿ ಮುಗಿಸಿದ. ಅಲ್ಲಿಗೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಸ್ವಲ್ಪ ಯೋಚಿಸಿ ಅವನು ಇನ್ನೊಂದು ಮಾತು ಸೇರಿಸಿದ: "ಆದ್ರೆ ಹಂಗಾದ್ರೆ ಒಳ್ಳೇದೇ ಅಲ್ವಾ? ಟೀವೀಲಿ ಉಕ್ರೇನ್ ಯುದ್ಧ ತೋರಿಸ್ತಾರಲ್ಲ, ಆ ಡ್ರೋನ್ ಕೂಡ ರೋಬೋನೇ. ರೋಬೋಗಳೇ ಹೊಡೆದಾಡಿಕೊಂಡ್ರೆ ಯಾರೂ ಸಾಯೋದಿಲ್ಲ."

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಂದಿನಿಂದ ಅವನು ಪರದೆಯ ಮೇಲೆ ನೋಡಿರುವುದು ಆಕಾಶದಿಂದ ತೆಗೆದ ಚಿತ್ರ: ಒಂದು ಮನೆ, ಒಂದು ಅಡ್ಡಗೆರೆ, ಒಂದಷ್ಟು ಹೊಗೆ. ಆ ಮನೆಯೊಳಗೆ ಯಾರಿದ್ದರೆಂಬುದು ಆ ಎತ್ತರದಿಂದ ಕಾಣುವುದಿಲ್ಲ.

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕಪ್ಪು ಟ್ರಂಕು ಇದೆ. ನನ್ನ ಸೋದರಮಾವನದು. 1965ರ ಯುದ್ಧಕ್ಕೆ ಹೋದವನು ಬರಲಿಲ್ಲ, ಟ್ರಂಕು ಬಂತು. ಅಜ್ಜಿ ಬದುಕಿರುವ ತನಕ ಪ್ರತಿ ಬೇಸಿಗೆಯಲ್ಲೂ ಅದರೊಳಗಿನ ಉಣ್ಣೆಯ ಸ್ವೆಟರನ್ನು ಬಿಸಿಲಿಗೆ ಹಾಕಿ, ಸಂಜೆ ಮಡಿಸಿ, ಒಂದು ಮಾತೂ ಆಡದೆ ಮತ್ತೆ ಒಳಗಿಡುತ್ತಿದ್ದಳು. ಮೊಮ್ಮಗ ರಜದಲ್ಲಿ ಬಂದಾಗಲೆಲ್ಲ ಅದರ ಪಕ್ಕದಲ್ಲೇ ಮಲಗುತ್ತಾನೆ; ಅವನಿಗೆ ಅದು ಚೀಲ ಇಡುವ ಜಾಗ. ಅಂದೂ ಅದರ ಕಥೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಹುಡುಗ ರಾತ್ರಿ ನಿದ್ದೆ ಮಾಡಬೇಕಲ್ಲ!

ರೋಬೋ ಎಂಬ ಮಾತಿನ ಹುಟ್ಟನ್ನು ಹೇಳಿದೆ. ಚೆಕ್ ದೇಶದ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಒಂದು ನಾಟಕದಲ್ಲಿ ಬಂದ ಶಬ್ದ ಅದು. ಸೂಚಿಸಿದವನು ಅವನ ಅಣ್ಣ ಜೋಸೆಫ್. ಚೆಕ್ ಭಾಷೆಯ 'ರೊಬೋಟ' ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ಚಾಕರಿ. ನಮ್ಮ ಶಾಸನಗಳಲ್ಲಿ ಬರುವ 'ಬಿಟ್ಟಿ'ಯೇ ಸರಿ. ಆ ನಾಟಕದಲ್ಲಿ ಬಿಟ್ಟಿಯಾಳುಗಳು ತಿರುಗಿಬಿದ್ದು ಮನುಷ್ಯಕುಲವನ್ನೇ ಅಳಿಸುತ್ತವೆ. ಯಂತ್ರಮಾನವರ ಮೊಟ್ಟಮೊದಲ ಯುದ್ಧದಲ್ಲಿ ಸತ್ತವರೆಲ್ಲ ಮನುಷ್ಯರೇ. ಹುಡುಗ "ಹೌದಾ" ಎಂದನೇ ಹೊರತು ಒಪ್ಪಿದಂತೆ ಕಾಣಲಿಲ್ಲ.

ಮರುದಿನ ಅವನನ್ನು ಬಸ್ಸು ಹತ್ತಿಸಿಕೊಂಡು ಬಳ್ಳಿಗಾವಿಗೆ ಹೋದೆ. ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಊರು. ನಮ್ಮವರು ಬೆಂಗಳೂರಿನ ನೆಂಟರು ಬಂದರೆ ಮಾತ್ರ ಹೋಗುತ್ತಾರೆ. ಚಿತ್ರಕಥೆ ಅಲ್ಲಿ ಹೊಸದಲ್ಲ. ತ್ರಿಪುರಾಂತಕನ ಗುಡಿಯಲ್ಲಿ ಪಂಚತಂತ್ರದ ಕಥೆಗಳನ್ನು ಕಲ್ಲಿನಲ್ಲಿ ಬಿಡಿಸಿದ್ದಾರೆ. ನನಗೆ ಬೇಕಾಗಿದ್ದದ್ದು ಅದಲ್ಲ, ವೀರಗಲ್ಲು. ಶಿಕಾರಿಪುರ, ಸೊರಬ ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ; ಹೊಲದ ಬದುವಿನಲ್ಲಿ, ಕೆರೆಯ ಏರಿಯ ಕೆಳಗೆ, ಗುಡಿಯ ಹಿಂದೆ, ಎಲ್ಲೆಂದರಲ್ಲಿ ನಿಂತಿವೆ. ಬಿ. ಎಲ್. ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಹೊರತಂದ ಶಿವಮೊಗ್ಗ ಜಿಲ್ಲೆಯ ಎರಡು ಶಾಸನ ಸಂಪುಟಗಳನ್ನು ತಿರುವಿದರೆ ಈ ಎರಡು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಬಿದ್ದರೆಂದು ತಿಳಿಯುತ್ತದೆ. ದನ ಹಿಡಿಯಬಂದವರೊಡನೆ ಕಾದಿ ಸತ್ತರೆ ತುರುಗೊಳ್. ಹೆಣ್ಣುಮಕ್ಕಳ ಮೊರೆ ಕೇಳಿ ಹೋಗಿ ಸತ್ತರೆ ಪೆಣ್ಬುಯ್ಯಲ್. ಊರೇ ಹಾಳಾಗುವಾಗ ಸತ್ತರೆ ಊರಳಿವು. ಸಾವಿಗೂ ಕಾರಣ ಬರೆದಿಟ್ಟ ಜನ.

ಹುಡುಗ ಒಂದು ಕಲ್ಲನ್ನು ಮೇಲಿನಿಂದ ಓದತೊಡಗಿದ. "ಇದನ್ನು ಕೆಳಗಿನಿಂದ ಓದಬೇಕು" ಎಂದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಹಿಂದೆ ಒತ್ತಾಗಿ ನಿಂತ ದನಗಳು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕುಳಿತಿದ್ದಾನೆ. ಮೂರೇ ಚಿತ್ರ. ಅವನು ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಿದ.

"ಇವನನ್ನ ರಿಪೇರಿ ಮಾಡ್ಲಿಲ್ವಾ?"

"ಇಲ್ಲ."

"ಇವನ ಹೆಸರೇನು?"

ಅಕ್ಷರ ಸವೆದಿತ್ತು. ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ನೋಡಿದೆವು, ಸಿಕ್ಕಲಿಲ್ಲ. ಆ ಪುಸ್ತಕದಲ್ಲಿ ಹೆಸರುಗಳಿಗೆ ಕೊರತೆಯಿರಲಿಲ್ಲ, ಸಾವಿರಲಿಲ್ಲ. ಇಲ್ಲಿ ಸಾವು ಮೂರಡಿ ಎತ್ತರಕ್ಕೆ ನಿಂತಿತ್ತು, ಹೆಸರಿರಲಿಲ್ಲ.

"ಅವನ ಮನೆಯವರು?" ಎಂದ.

ಹೀಗೆ ಬಿದ್ದವನ ಮನೆಗೆ ಭೂಮಿ ಬಿಡುವ ಪದ್ಧತಿಯಿತ್ತು, ಅದಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು, ಕತ್ತಿ ತೊಳೆದು ಕೊಡುತ್ತಿದ್ದ ದತ್ತಿಗೆ ಬಾಳ್ಗಳ್ಚು ಎಂಬ ಹೆಸರೂ ಇತ್ತು ಎಂದು ವಿವರಿಸಿದೆ. ನೆತ್ತರು ಎಂದರೇನೆಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕಲ್ಲಿನ ದನಗಳನ್ನು ಎಣಿಸಿದ.

"ಆ ಗದ್ದೆ ಈಗ ಯಾರದು ಅಜ್ಜಾ?"

ತಹಸೀಲ್ದಾರರನ್ನು ಕೇಳಬೇಕು ಎಂದೆ. ಶಿರಾಳಕೊಪ್ಪದ ಬಸ್ಸು ಬರುವ ಹೊತ್ತಾಗಿತ್ತು.