ಮೇಸ್ತ್ರಿ ಹೋಗುವ ದಾರಿ

ಓಂ ಬೀಚಿನಲ್ಲಿ ನಮಗಿರುವ ಆಸ್ತಿ ಎರಡೇ. ಒಂದು ಗೇರ್ ಸೈಕಲ್ಲು, ಇನ್ನೊಂದು ನಾಯಿ. ನಾವು ನಾಲ್ಕು ಮಂದಿ, ಆಸ್ತಿ ನಾಲ್ವರದೂ. ಪಾಲುಪಟ್ಟಿ ಆಗಿಲ್ಲ, ಆಗುವುದೂ ಬೇಡ. ಸೈಕಲ್ಲನ್ನು ಒಂದು ಸೀಸನ್ ಇಲ್ಲಿದ್ದು ತನ್ನ ದೇಶಕ್ಕೆ ಹೊರಟ ಹುಡುಗನೊಬ್ಬ ನಮ್ಮ ಒಂದು ತಿಂಗಳ ಪಗಾರಕ್ಕಿಂತ ಕಮ್ಮಿ ಹಣಕ್ಕೆ ಕೊಟ್ಟು ಹೋದ. ನಾಯಿಯನ್ನು ಯಾರೂ ಕೊಡಲಿಲ್ಲ. ಮೇ ತಿಂಗಳ ಕೊನೆಗೆ ಶ್ಯಾಕಿನ ಮಾಡು ಬಿಚ್ಚುತ್ತಿದ್ದಾಗ ಖಾಲಿ ಫ್ರಿಜ್ಜಿನ ಹಿಂದೆ ಮಲಗಿತ್ತು. ಅಷ್ಟೇ ಅದರ ಜಾತಕ.

ನಾವು ಸಾಣಿಕಟ್ಟಾ ಕಡೆಯ ಆಗೇರರು. ಆಗರ ಅಂದರೆ ಉಪ್ಪಿನ ಗದ್ದೆ, ಅದರಲ್ಲಿ ದುಡಿದವರು ಆಗೇರರು. ಅಘನಾಶಿನಿಯ ಉಪ್ಪುನೀರನ್ನು ಚೌಕ ಚೌಕ ಗದ್ದೆಗೆ ಹಾಯಿಸಿ, ಬೇಸಗೆ ಬಿಸಿಲಿಗೆ ಬತ್ತಿಸಿ, ಹಲಗೆಯಲ್ಲಿ ಎಳೆದು ಗುಪ್ಪೆ ಮಾಡಿ, ಬುಟ್ಟಿ ತುಂಬಿ ತಲೆ ಮೇಲೆ ಹೊರುವ ಕೆಲಸ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂದು ಗಾದೆ ಕಟ್ಟಿದವರು ಯಾವ ಉಪ್ಪಿಟ್ಟವರನ್ನು ನೆನೆದರೋ ನಾವು ಕಾಣೆವು. 1930ರಲ್ಲಿ ನಮ್ಮ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ದೊಡ್ಡ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಒಂದು ದಿನ ಉಪ್ಪು ಮಾಡಿದವರ ಹೆಸರು ಪುಸ್ತಕಕ್ಕೆ ಬಂತು. ಜನ್ಮವಿಡೀ ಮಾಡಿದವರ ಹೆಸರು ಕೂಲಿ ವಹಿಯಲ್ಲಿ ಹೆಬ್ಬೆಟ್ಟಾಗಿ ಉಳಿಯಿತು.

ನಮ್ಮ ತಲೆಮಾರು ಬುಟ್ಟಿ ಬಿಟ್ಟು ತಟ್ಟೆ ಹಿಡಿಯಿತು. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿದ ಮೇಲೆ ಗೋಕರ್ಣಕ್ಕೆ ಬರುವವರ ಬಗೆಯೇ ಬೇರೆಯಾಯಿತು. ಮಹಾಬಲೇಶ್ವರನಿಗೆ ಬರುವವರು ಒಂದು ಪಾಲು, ಮರಳಿಗೆ ಬರುವವರು ಎರಡು ಪಾಲು. ಊರಿನ ದಕ್ಷಿಣಕ್ಕೆ ಗುಡ್ಡ ಇಳಿದಲ್ಲೆಲ್ಲ ಒಂದೊಂದು ಬೀಚು: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಓಂ ಬೀಚು ಮೇಲಿನಿಂದ ಓಂಕಾರದ ಹಾಗೆ ಕಾಣುತ್ತದೆ, ಬಂಡೆ ನಡುವೆ, ಎರಡು ಕಡೆ ಬಾಗಿದ ಮರಳು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೂತರೆ ಓಂ ಕಾಣುವುದಿಲ್ಲ, ಜಿಡ್ಡು ಮಾತ್ರ ಕಾಣುತ್ತದೆ. ಅಕ್ಟೋಬರಿನಿಂದ ಮೇ ತನಕ ನಮ್ಮ ವಾಸ ಅಲ್ಲೇ. ಮಳೆ ಹಿಡಿದರೆ ಶ್ಯಾಕು ಬಂದ್, ಪಗಾರ ಬಂದ್. ಸೀಸನ್ನಿನಲ್ಲಿ ಆಮ್ಲೆಟ್ಟು ತಿಂದು ಕೊಬ್ಬಿದ ಬೀಚಿನ ನಾಯಿಗಳ ಪಕ್ಕೆಲುಬು ಜುಲೈಯಲ್ಲಿ ಎಣಿಸಬಹುದು. ನಮ್ಮವನ್ನೂ ಎಣಿಸಬಹುದು, ಅಂಗಿ ತೆಗೆದರೆ.

ನಾಯಿಗೆ ಹೆಸರಿಡುವುದೇ ದೊಡ್ಡ ಚರ್ಚೆಯಾಯಿತು. ಬಣ್ಣ ಕಪ್ಪು. ಕರಿಯ ಎನ್ನೋಣ ಎಂದ ಒಬ್ಬ. ಇನ್ನೊಬ್ಬ ಎದ್ದು ನಿಂತ. ಅವನ ಅಜ್ಜನ ಹೆಸರು ಕರಿಯ. ಊರಿನವರು ನಾಯಿಗಿಟ್ಟ ಹೆಸರೂ ನಮ್ಮ ಹಿರಿಯರಿಗಿಟ್ಟ ಹೆಸರೂ ಒಂದೇ ಆಗಿದ್ದು ಸುಮ್ಮನೆ ಅಲ್ಲ ತಮಾ ಎಂದ. ಅಲ್ಲಿಗೆ ಆ ಮಾತು ಮುಗಿಯಿತು. ಈ ನಾಯಿ ತಾನು ಕಡ್ಡಿ ಅಲ್ಲಾಡಿಸದೆ, ಬಂಡೆ ಮೇಲೆ ಎದೆ ಸೆಟೆಸಿ ಕೂತು, ನಾವು ದುಡಿಯುವುದನ್ನು ನೋಡುತ್ತಿತ್ತು. ಹಾಗಾಗಿ ಮೇಸ್ತ್ರಿ ಎಂದು ಕರೆದೆವು.

ಮೇಸ್ತ್ರಿಯ ಕಿತಾಪತಿ ಬರೆಯಹೊರಟರೆ ಈ ಪತ್ರಿಕೆಯ ಪುಟ ಸಾಲದು. ಬೆಳಗ್ಗೆ ಮರಳ ಮೇಲೆ ಯೋಗ ಮಾಡುವವರ ಚಾಪೆಯ ತುದಿಯಲ್ಲಿ ತಾನೂ ಮೈ ಚಾಚುತ್ತಾನೆ. ಅವರು ಕಣ್ಣು ಮುಚ್ಚಿ ಶವಾಸನಕ್ಕೆ ಬಿದ್ದಾಗ ಮೂಗು ನೆಕ್ಕಿ ಎಬ್ಬಿಸುತ್ತಾನೆ. ಮೀನು ಕೊಯ್ಯುವಲ್ಲಿ ತಲೆ ಕೊಟ್ಟರೆ ಒಲ್ಲ, ನಡುತುಂಡೇ ಬೇಕು. ಚಪ್ಪಲಿ ಕದಿಯುವುದು ಅವನ ಕಸುಬು, ಅದೂ ಜೋಡಿಯಲ್ಲ, ಒಂದೇ ಕಾಲಿನದು. ಮೇಸ್ತ್ರಿಯ ಪರಮ ವೈರಿ ಸೈಕಲ್ಲಿನ ಹಿಂದಿನ ಚಕ್ರ. ಅದು ತಿರುಗುವಾಗ ಟಿಕಿಟಿಕಿ ಎನ್ನುತ್ತದಲ್ಲ, ಆ ಫ್ರೀವೀಲಿನೊಳಗೆ ಯಾವುದೋ ಹುಳ ಇದೆ ಎಂದು ಅವನ ನಂಬಿಕೆ. ಹಿಡಿಯದೆ ಬಿಡುವುದಿಲ್ಲ ಎಂದು ನಿತ್ಯ ಗುಡ್ಡದ ಮೇಲಿನ ತನಕ ಓಡಿ ಬರುತ್ತಾನೆ.

ಗುಡ್ಡದ ದಾರಿ ಎಂದರೆ ಬೇಲೆಕಾನದಿಂದ ಹತ್ತಿ, ಪ್ಯಾರಡೈಸ್, ಹಾಫ್ ಮೂನ್ ಬಳಸಿ ಓಂ ಬೀಚಿಗೆ ಇಳಿಯುವ ಕಾಲುದಾರಿ. ತದಡಿ ಕಡೆಯಿಂದ ನಾವು ಕೆಲಸಕ್ಕೆ ಬರುವುದು ಇದರಲ್ಲೇ. ಕೆಲವು ಕಡೆ ಸೈಕಲ್ಲಿನ ಮೇಲೆ ನಾವು, ಕೆಲವು ಕಡೆ ನಮ್ಮ ಮೇಲೆ ಸೈಕಲ್ಲು. ಚಿರೆಕಲ್ಲಿನ ಹಾಸಿನ ಮೇಲೆ ಇಳಿಯುವಾಗ ಸೀಟಿನಲ್ಲಿ ಕೂರಬಾರದು, ಪೆಡಲಿನ ಮೇಲೆ ನಿಂತು ಕುಂಡೆ ಹಿಂದಕ್ಕೆ ಹಾಕಬೇಕು. ಮುಂದಿನ ಬ್ರೇಕು ಗಪ್ಪನೆ ಹಿಡಿದರೆ ಹಲ್ಲು ಲೆಕ್ಕಕ್ಕೆ ಬರುತ್ತದೆ. ಮರಳಿಗೆ ಬರುವ ಮೊದಲು ಟೈರಿನ ಗಾಳಿ ಸ್ವಲ್ಪ ಬಿಡಬೇಕು, ಅಗಲವಾಗಿ ಕೂತರೆ ಹೂಳುವುದಿಲ್ಲ. ಗೇರು ಗಿಡದ ಒಣ ಎಲೆ ಮೇಲೆ ತಿರುಗಿಸಬಾರದು. ಚೈನು ಕಡಲ ಗಾಳಿಗೆ ವಾರದೊಳಗೆ ಕೆಂಪಾಗುತ್ತದೆ, ದಿನಾ ರಾತ್ರಿ ಒರೆಸಿ ಎಣ್ಣೆ ಬಿಡಬೇಕು. ಉಪ್ಪಿನ ಜಾತಿಯಲ್ಲಿ ಹುಟ್ಟಿದ ನಮಗೆ ಉಪ್ಪು ಕಬ್ಬಿಣವನ್ನು ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ತಳಿಯ ಸೈಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಮರಿನ್ ಎಂಬ ಜಿಲ್ಲೆಯ ಹುಡುಗರು ಗುಜರಿಗೆ ಬಿದ್ದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ತಂದು ಗುಡ್ಡದಿಂದ ಇಳಿಸಿ ಪಂದ್ಯ ಕಟ್ಟುತ್ತಿದ್ದರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲವೂ ಹೊಸ ಗ್ರೀಸು ತುಂಬಬೇಕು. ಹೀಗಾಗಿ 1976ರಲ್ಲಿ ಶುರುವಾದ ಆ ಪಂದ್ಯಕ್ಕೆ 'ರಿಪ್ಯಾಕ್' ಎಂದೇ ಹೆಸರು ಬಿತ್ತು. ಆಮೇಲೆ ಕಂಪನಿಗಳು ಬಂದವು, 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೂ ಈ ಆಟ ಸೇರಿತು. ಗುಜರಿ ಸಾಮಾನು, ಗುಡ್ಡ, ಧೈರ್ಯ: ಕೇಳಿದ ಕೂಡಲೇ ಇದು ನಮ್ಮದೇ ಕತೆ ಅನಿಸಿತು. ಕ್ಯಾರಿಯರಿಗೆ ಮೀನಿನ ಬುಟ್ಟಿ ಕಟ್ಟಿ, ಗೇರಿಲ್ಲದ ಸೈಕಲ್ಲಿನಲ್ಲಿ ಇಂಥದೇ ಗುಡ್ಡ ಹತ್ತಿಳಿದವರು ನಮ್ಮ ಕರಾವಳಿಯಲ್ಲಿ ಎಷ್ಟು ಮಂದಿ! ಅವರಿಗೆ ಪದಕ ಕೊಡುವುದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅವರು ಹೊಟ್ಟೆಗಾಗಿ ತುಳಿದರು.

ನಾವು ಸೈಕಲ್ಲು ಕಲಿತದ್ದು ಸರಕಾರದ ಸೈಕಲ್ಲಿನಲ್ಲಿ. ಎಂಟನೇ ಇಯತ್ತೆಯ ಮಕ್ಕಳಿಗೆ ಪುಕ್ಕಟೆ ಸೈಕಲ್ಲು ಕೊಡುವ ಯೋಜನೆ 2006-07ರಲ್ಲಿ ಶುರುವಾಗಿತ್ತು. ಕೊರೊನಾ ಬಂದ ಮೇಲೆ ಆ ಹಂಚಿಕೆ ನಿಂತಿತು. ನಟ್ಟು ಸಡಿಲ, ಬೆಲ್ಲು ಬಡಿಯದು, ಆದರೂ ಅದನ್ನು ಕೇರಿಗೆ ತಂದ ದಿನ ನಮ್ಮ ಅಪ್ಪಂದಿರು ಸುತ್ತ ಸುತ್ತಿ ನೋಡಿದರು. ಅವರ ಕಾಲಕ್ಕೆ ಒಡೆಯರ ಮನೆಯೆದುರು ಸೈಕಲ್ಲು ಬಂದರೆ ಇಳಿದು ನೂಕಿಕೊಂಡು ಹೋಗಬೇಕಿತ್ತು. ಸವಾರಿ ಎನ್ನುವುದು ನಮ್ಮ ದೇಶದಲ್ಲಿ ಚಕ್ರದ ಪ್ರಶ್ನೆಯಲ್ಲ ಸ್ವಾಮಿ, ಎತ್ತರದ ಪ್ರಶ್ನೆ. 1893ರಲ್ಲಿ ಕೇರಳದ ಅಯ್ಯನ್‌ಕಾಳಿ ಎತ್ತಿನ ಗಾಡಿ ಹತ್ತಿ ಸಾರ್ವಜನಿಕ ರಸ್ತೆಯಲ್ಲಿ ಹೊರಟದ್ದೇ ಒಂದು ಯುದ್ಧವಾಯಿತು. 1929ರಲ್ಲಿ ಚಾಳೀಸಗಾಂವ್ ನಿಲ್ದಾಣದಲ್ಲಿ ಬಾಬಾಸಾಹೇಬರು ಇಳಿದರು. ಬ್ಯಾರಿಸ್ಟರು, ವಿಲಾಯತಿಯಲ್ಲಿ ಓದಿ ಬಂದವರು. ಮಹಾರನನ್ನು ಕೂರಿಸಿ ಟಾಂಗಾ ಹೊಡೆಯಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹೊಡೆದ. ಮೋರಿಯ ಮೇಲೆ ಚಕ್ರ ಸಿಕ್ಕಿಬಿದ್ದು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಅವರೇ ಬರೆದಿಟ್ಟ ಸಂಗತಿ ಇದು.

ಇನ್ನು ಗೇಟಿನ ವಿಷಯ.

ಎರಡು ವರ್ಷದ ಹಿಂದೆ ಗುಡ್ಡದ ಮೇಲಿನ ಒಂದು ದೊಡ್ಡ ವಸತಿಯವರು ನಮ್ಮ ದಾರಿಗೆ ಅಡ್ಡಲಾಗಿ ತಂತಿಬೇಲಿ ಎಳೆದು ಕಬ್ಬಿಣದ ಗೇಟು ನಿಲ್ಲಿಸಿದರು. ಗೇಟಿನ ಒಳಗೆ ಹತ್ತು ಹೊಸ ಗೇರ್ ಸೈಕಲ್ಲು ಸಾಲಾಗಿ ನಿಂತವು. ತಾಸಿಗೆ ಇಷ್ಟು ಎಂದು ಬಾಡಿಗೆ. ತಲೆಗೆ ಹೆಲ್ಮೆಟ್ಟು, ಮೊಣಕಾಲಿಗೆ ಚಿಪ್ಪು ಕಟ್ಟಿಕೊಂಡವರು ಅದೇ ದಾರಿಯಲ್ಲಿ ಸಾಲಾಗಿ ಇಳಿಯತೊಡಗಿದರು. ಅವರು ಇಳಿದರೆ ಅದಕ್ಕೆ ಸಾಹಸ ಎಂದು ಹೆಸರು. ನಾವು ಇಳಿದರೆ, "ಏಯ್, ಯಾರು ನೀವು? ಯಾವ ಕೇರಿಯವ್ರು?"

ಕೇಳುವ ವಾಚಮನ್ನನೂ ಬಡವನೇ. ಹೊಟ್ಟೆಪಾಡಿಗೆ ಘಟ್ಟದ ಮೇಲಿಂದ ಬಂದವ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಆ ಪ್ರಶ್ನೆ ಅವನದಲ್ಲ, ಅವನ ಬಾಯಿಗೆ ಇಟ್ಟದ್ದು. ಮೇಸ್ತ್ರಿಯನ್ನು ಮಾತ್ರ ಅವನು ಏನೂ ಕೇಳುತ್ತಿರಲಿಲ್ಲ. ಮೇಸ್ತ್ರಿ ಗೇಟಿನಡಿ ಹೊಟ್ಟೆ ಎಳೆದು ನುಸುಳುತ್ತಿದ್ದ, ಒಳಗೆ ಬಿಸ್ಕೀಟು ತಿನ್ನುತ್ತಿದ್ದ, ತಲೆ ಸವರಿಸಿಕೊಳ್ಳುತ್ತಿದ್ದ. ಗೇಟಿನಾಚೆ ಸೈಕಲ್ಲು ಹಿಡಿದು ನಿಂತ ನಮ್ಮನ್ನು ತಿರುಗಿ ನೋಡಿ, ಎಂತಕ್ಕೆ ಬರೂದಿಲ್ಲ ಇವ್ರು ಎಂಬಂತೆ ಬಾಲ ಅಲ್ಲಾಡಿಸುತ್ತಿದ್ದ. ಮಹಾಡದ ಚವದಾರ ಕೆರೆಯಲ್ಲಿ 1927ಕ್ಕೆ ಮುಂಚೆ ನಾಯಿ ನೀರು ಕುಡಿಯಬಹುದಿತ್ತು, ನಾವು ಕುಡಿಯುವಂತಿರಲಿಲ್ಲ. ಅದನ್ನು ಶಾಲೆಯಲ್ಲಿ ಓದಿದ್ದೆವು. ಗೇಟಿನ ಹತ್ತಿರ ನಿಂತಾಗ ಪಾಠ ಪೂರ್ತಿ ತಲೆಗೆ ಹೋಯಿತು.

ಒಂದು ದಿನ ಮೇಸ್ತ್ರಿ ಒಳಗಿಂದ ಒಂದು ಬೂಟು ಕಚ್ಚಿಕೊಂಡು ಬಂದ. ಪೆಡಲಿಗೆ ಕಚ್ಚಿಕೊಳ್ಳಲು ಅಡಿಗೆ ಕಬ್ಬಿಣದ ಕೊಕ್ಕೆ ಇರುವ ಭಾರೀ ಬೂಟು. ನಾವು ಕಸಿದು ಕೊಡುವ ಮೊದಲೇ ಅವರೇ ಬಂದರು. ನಾಯಿಗೆ ಯಾರೂ ಗದರಲಿಲ್ಲ. "ನಾಯಿಗೆ ಕಲಿಸಿದವ್ರು ಯಾರು?" ಎಂದು ನಮ್ಮನ್ನು ಕೇಳಿದರು. ಆಮೇಲೆ ಕಣ್ಣು ಸೈಕಲ್ಲಿನ ಮೇಲೆ ಬಿತ್ತು. "ಇಂಥ ಸೈಕಲ್ಲು ನಿಮಗೆಲ್ಲಿಂದ ಬಂತು? ರಸೀದಿ ಇದ್ಯ?" ಪರದೇಶದ ಹುಡುಗ ರಸೀದಿ ಕೊಡುವನೇ? ಸೈಕಲ್ಲನ್ನು ಒಳಗಿಟ್ಟುಕೊಂಡರು. ನಾವು ದುಡಿಯುವ ಶ್ಯಾಕಿನ ಯಜಮಾನರಿಗೆ ಫೋನು ಹೋಯಿತು, ನಮ್ಮಲ್ಲಿ ಒಬ್ಬನಿಗೆ ನಾಳೆಯಿಂದ ಬರಬೇಡ ಎಂದಾಯಿತು. ಬೂಟು ಕದ್ದವನು ಅಲ್ಲೇ ಕೂತು ಕಿವಿ ತುರಿಸಿಕೊಳ್ಳುತ್ತಿದ್ದ.

ಮೂರನೆಯ ದಿನ ನಮ್ಮ ಅವ್ವಿಯರು ಹೊರಟರು. ಅವರು ಹೊಳೆಯಲ್ಲಿ ಬೆಳಚು ಹೆಕ್ಕಿ, ಗುಡ್ಡದಲ್ಲಿ ದರಕು ಗುಡಿಸಿ ಇದೇ ದಾರಿಯಲ್ಲಿ ಹೊತ್ತವರು. ಐದಾರು ಹೆಂಗಸರು ಬುಟ್ಟಿ ಇಟ್ಟುಕೊಂಡು ಗೇಟಿನೆದುರು ಕೂತರು. ಅವರಲ್ಲಿ ಹಿರಿಯಳು ಹೇಳಿದ್ದು ಇಷ್ಟೇ: "ನಾವ್ ಹುಟ್ಟೂಕಿಂತ ಮೊದ್ಲೇ ಇತ್ತು ಈ ದಾರಿ. ನಮ್ಮ ಕಾಲಲ್ಲೇ ಆದದ್ದು ಇದು. ನಿಮ್ಮ ಸೈಕಲ್ ಹೋಗೂಕೆ ಅಡ್ಡಿಲ್ಲ. ನಮ್ಮ ಮಕ್ಕಳದ್ದು ಎಂತಕ್ಕೆ ಹೋಗೂಕಾಗ?"

ಉತ್ತರ ಬರಲಿಲ್ಲ. ಉತ್ತರ ತಂದವರು ನಮ್ಮ ಶಾಲೆಯ ಮಾಸ್ತರು. ಅವರ ಕೈಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಯ ಪ್ರತಿ ಇತ್ತು. 1989ರ ಕಾಯಿದೆ ಎಂದರೆ ಬಡಿದಾಟ, ಬೈಗುಳಕ್ಕೆ ಎಂದೇ ನಾವು ತಿಳಿದಿದ್ದೆವು. 2015ರ ತಿದ್ದುಪಡಿ ಓದಿ ತೋರಿಸಿದರು, 2016ರ ಜನವರಿ 26ರಿಂದ ಜಾರಿಯಲ್ಲಿರುವುದು. ಸಾರ್ವಜನಿಕ ಜಾಗದಲ್ಲಿ ನಾವು ಸೈಕಲ್ಲು ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು ಜಾತಿಯ ಕಾರಣಕ್ಕೆ ತಡೆದರೆ ಅಪರಾಧ. ರಸ್ತೆ, ಹಾದಿ ಬಳಸದಂತೆ ತಡೆದರೂ ಅಪರಾಧ. ಸೈಕಲ್ ಎಂಬ ಶಬ್ದ ಕಾನೂನಿನಲ್ಲಿ ಅಚ್ಚಾಗಿ ಕೂತಿದೆ! ನಮಗೆ ಸಂತೋಷವಾಯಿತು, ಮರುಕ್ಷಣ ಸಂಕಟವಾಯಿತು. ಸೈಕಲ್ಲು ಹತ್ತಲು ಒಂದು ಗಣರಾಜ್ಯಕ್ಕೆ ಅರವತ್ತಾರನೇ ವರ್ಷದಲ್ಲಿ ಕಲಮು ಬರೆಯಬೇಕಾಗಿ ಬಂತಲ್ಲ. ಬರೆಯುವ ಮೊದಲು ಎಷ್ಟು ಮಂದಿಯನ್ನು ಇಳಿಸಿ ಹೊಡೆದಿರಬೇಡ?

ಮಾಸ್ತರು ಇನ್ನೊಂದು ಮಾತು ಹೇಳಿದರು. 1882ರ ಅನುಭೋಗದ ಹಕ್ಕಿನ ಕಾಯಿದೆಯ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂದು ನಡೆದ ದಾರಿಯ ಮೇಲೆ ನಡೆದವರಿಗೆ ಹಕ್ಕು ಹುಟ್ಟುತ್ತದೆ. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳೆಯ ಗಾಡಿದಾರಿ, ಕಾಲುದಾರಿಗಳಿಗೆ ಗುರುತು ಇರುತ್ತದೆ. ಹಳ್ಳಿಗಳಲ್ಲಿ ಕಲಿಸುವ ಗೆಳೆಯರೆ, ನಿಮ್ಮ ಶಾಲೆಯ ಮಕ್ಕಳ ಕೇರಿಗೆ ಹೋಗುವ ದಾರಿ ಆ ನಕ್ಷೆಯಲ್ಲಿದೆಯೋ ಇಲ್ಲವೋ ಒಮ್ಮೆ ತೆಗೆಸಿ ನೋಡಿ. ಬೇಲಿ ಬಂದ ಮೇಲೆ ನೋಡುವುದಕ್ಕಿಂತ ಮೊದಲೇ ನೋಡುವುದು ವಾಸಿ.

ಅಂದು ಸಂಜೆ ಸೈಕಲ್ಲು ಹೊರಗೆ ಬಂತು. ಮುಂದಿನ ಬ್ರೇಕಿನ ತಂತಿ ಕಳಚಿತ್ತು, ಇರಲಿ. ಗೇಟಿನ ಬೀಗ ಹೋಯಿತು, ಗೇಟು ಹೋಗಿಲ್ಲ. ಕೆಲಸ ಕಳಕೊಂಡವನಿಗೆ ಹದಿನೈದು ದಿನದ ಮೇಲೆ ಬೇರೆ ಶ್ಯಾಕಿನಲ್ಲಿ ಕೆಲಸ ಸಿಕ್ಕಿತು, ಪಗಾರ ಐನೂರು ಕಮ್ಮಿ. ಪೋಲೀಸು ಠಾಣೆಗೆ ಹೋಗಿ ಕೇಸು ಕೊಡಲೇಬೇಕೆಂದು ನಮ್ಮಲ್ಲಿ ಇಬ್ಬರ ಹಟ. ಸೀಸನ್ ಮುಗಿಯಲಿ, ಉಣ್ಣುವ ಜಾಗದಲ್ಲಿ ಎಷ್ಟು ದಿನ ಕಾದಾಡ್ತ್ರಿ ಎಂದು ಅವ್ವಿಯರ ಮಾತು. ಈ ಜಗಳ ನಮ್ಮೊಳಗೆ ಇನ್ನೂ ತೀರಿಲ್ಲ. ಅವ್ವಿಯರದು ಹೆದರಿಕೆ ಎಂದು ಪೇಟೆಯಲ್ಲಿ ಕೂತು ಹೇಳುವವರು ಒಂದು ಮಳೆಗಾಲ ನಮ್ಮ ಮನೆಯಲ್ಲಿದ್ದು ಹೇಳಲಿ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿಯ ಬೀದಿನಾಯಿಗಳನ್ನು ಹಿಡಿದು ಕೂಡಿಹಾಕಿ ಎಂದಾಗ ದೊಡ್ಡ ದೊಡ್ಡವರು ಬೀದಿಗಿಳಿದರು, ಅತ್ತರು, ಮೇಣದ ಬತ್ತಿ ಹಚ್ಚಿದರು. ಹನ್ನೊಂದೇ ದಿನದಲ್ಲಿ ಆದೇಶ ಮಾರ್ಪಾಡಾಯಿತು: ಶಸ್ತ್ರಕ್ರಿಯೆ ಮಾಡಿ, ಲಸಿಕೆ ಹಾಕಿ ಹಿಡಿದಲ್ಲೇ ಬಿಡಿ ಎಂದು. ನಾವೂ ಮೇಸ್ತ್ರಿಗೆ ರೇಬೀಸಿನ ಚುಚ್ಚುಮದ್ದು ಹಾಕಿಸಿದೆವು. ನಾಯಿಗೆ ನ್ಯಾಯ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಮೇಣದ ಬತ್ತಿ ಉಳಿದಿದ್ದರೆ ಇತ್ತ ಕಡೆಯೂ ಎರಡು ಕಳಿಸಿ ಎಂದಷ್ಟೇ ನಮ್ಮ ಅರಿಕೆ, ಮಳೆಗಾಲದಲ್ಲಿ ಕೇರಿಯ ಕರೆಂಟು ಬೇಗ ಹೋಗುತ್ತದೆ.

ಆ ಮಳೆಗಾಲದಲ್ಲೇ, ಮಗುಚಿಟ್ಟ ದೋಣಿಯಡಿ ಮೇಸ್ತ್ರಿಯ ಖಜಾನೆ ಸಿಕ್ಕಿತು. ಹದಿಮೂರು ಚಪ್ಪಲಿ, ಒಂದು ಈಜುಕನ್ನಡಕ, ಅರ್ಧ ಯೋಗದ ಚಾಪೆ. ಚಪ್ಪಲಿಯಲ್ಲಿ ಒಂದೂ ಜೋಡಿಯಿಲ್ಲ. ಎಡಗಾಲಿನವೇ ಹೆಚ್ಚು. ಅದಕ್ಕೆ ಅವನ ಲೆಕ್ಕ ಏನೋ.

ಗ್ರಾಮನಕ್ಷೆಯ ಪ್ರತಿ ಮಾಸ್ತರ ಕೈಗೆ ಬಂದಿದೆ. ಬೇಲೆಕಾನದಿಂದ ಗುಡ್ಡ ಹತ್ತಿ ಬರುವ ಚುಕ್ಕೆಗೆರೆಯನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದಿ, ಝೆರಾಕ್ಸ್ ಮಾಡಿಸಿ ಕೇರಿಯ ಮನೆಮನೆಗೆ ಕೊಟ್ಟರು. ನಾವು ನಮ್ಮದನ್ನು ಸೈಕಲ್ಲು ಒರಗಿಸುವ ಗೋಡೆಗೆ ಅಂಟಿಸಿದ್ದೇವೆ. ಗಂಜಿಯಲ್ಲಿ ಅಂಟಿಸಿದ್ದರಿಂದ ಮೇಸ್ತ್ರಿ ಒಂದು ಮೂಲೆ ಆಗಲೇ ತಿಂದಿದ್ದಾನೆ. ಪುಣ್ಯಕ್ಕೆ ಅದು ಸಮುದ್ರದ ಕಡೆಯ ಮೂಲೆ.