ಜನವರಿಯ ಬೈಗುಳ, ಏಪ್ರಿಲ್‌ನ ಶಿಳ್ಳೆ

ಹೈದರಾಬಾದಿನ ಕೂಕಟ್‌ಪಲ್ಲಿಯ ಜನ ಆಸ್ಟ್ರೇಲಿಯಾದ ಕ್ರಿಕೆಟಿಗ ಆಂಡ್ರ್ಯೂ ಸೈಮಂಡ್ಸ್‌ನನ್ನು ಬಾಯಿತುಂಬ ಬೈದದ್ದು ಜನವರಿಯಲ್ಲಿ, ಎದ್ದು ನಿಂತು ಶಿಳ್ಳೆ ಹೊಡೆದದ್ದು ಏಪ್ರಿಲ್‌ನಲ್ಲಿ. ಎರಡೂ 2008ರಲ್ಲೇ. ಆ ನಡುವೆ ಅವನ ಸ್ವಭಾವ ಬದಲಾಗಿರಲಿಲ್ಲ, ಜನರದ್ದೂ ಬದಲಾಗಿರಲಿಲ್ಲ. ಫೆಬ್ರವರಿ 20ರಂದು ಮುಂಬೈಯಲ್ಲಿ ಒಂದು ಹರಾಜು ನಡೆದಿತ್ತು, ಅಷ್ಟೆ.

ಆಗ ನಾನು ಕೆಪಿಎಚ್‌ಬಿ ಕಾಲೊನಿಯಲ್ಲಿ ಒಂದು ಪೋರ್ಷನ್ ಹಿಡಿದಿದ್ದೆ. ಬೀದರ್ ಕಡೆಯಿಂದ ಜಹೀರಾಬಾದ್, ಪಟಾನ್‌ಚೆರು, ಮಿಯಾಪುರದ ಮೇಲೆ ಬರುವ ನಮ್ಮ ಬಸ್ಸುಗಳು ಊರೊಳಗಿನ ನಿಲ್ದಾಣ ಮುಟ್ಟುವ ಮೊದಲೇ ಅರ್ಧ ಖಾಲಿಯಾಗುವುದು ಇಲ್ಲಿ. ಬಾಲಾನಗರ, ಜೀಡಿಮೆಟ್ಲದ ಕಾರ್ಖಾನೆಗಳಿಗೆ ಹೋಗುವವರು, ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸಿಗೆ ಸೇರಿದ ಹುಡುಗರು, ಗೌಂಡಿ ಕೆಲಸದವರು, ಎಲ್ಲರೂ ಇಲ್ಲೇ ಚೀಲ ಇಳಿಸುತ್ತಾರೆ. ಕೂಕಟ್‌ಪಲ್ಲಿ ಪುರಸಭೆ ಅದರ ಹಿಂದಿನ ವರ್ಷವಷ್ಟೇ ಮಹಾನಗರ ಪಾಲಿಕೆಯೊಳಗೆ ಸೇರಿತ್ತು. ಮೆಟ್ರೊ ಇನ್ನೂ ಬಂದಿರಲಿಲ್ಲ. ಹೈವೇ ಪಕ್ಕ ಟೀವಿ ಶೋರೂಮುಗಳಿದ್ದವು. ಮ್ಯಾಚಿದ್ದ ದಿನ ಅವುಗಳ ಗಾಜಿನ ಹೊರಗೆ ನಿಂತು ನೋಡುವುದು ರಿವಾಜು. ಒಳಗಿನ ಸದ್ದು ಹೊರಗೆ ಕೇಳುತ್ತಿರಲಿಲ್ಲ. ಕಾಮೆಂಟರಿಯನ್ನು ನಾವೇ ತುಂಬಿಕೊಳ್ಳುತ್ತಿದ್ದೆವು, ತೆಲುಗಿನಲ್ಲಿ, ದಖನಿಯಲ್ಲಿ, ಯಾರೂ ಜಗಳಕ್ಕೆ ಬರದಿದ್ದರೆ ಕನ್ನಡದಲ್ಲಿ.

ಜನವರಿ 6, ಭಾನುವಾರ. ಸಿಡ್ನಿ ಟೆಸ್ಟಿನ ಕೊನೆಯ ದಿನ. ಹೊಟ್ಟೆ ಮೊದಲ ದಿನವೇ ಉರಿದಿತ್ತು. 30 ರನ್ ಮಾಡಿದ್ದ ಸೈಮಂಡ್ಸ್ ಇಶಾಂತ್ ಶರ್ಮಾನ ಚೆಂಡನ್ನು ಬ್ಯಾಟಿಗೆ ತಾಗಿಸಿ ಧೋನಿ ಕೈಗೆ ಕೊಟ್ಟಿದ್ದ. ಅಂಪೈರ್ ಸ್ಟೀವ್ ಬಕ್ನರ್ ಬೆರಳೆತ್ತಲಿಲ್ಲ. ಅವನು 162 ಹೊಡೆದು ಔಟಾಗದೆ ಉಳಿದ, ಚೆಂಡು ತಾಗಿತ್ತು ಎಂದು ಆಮೇಲೆ ತಾನೇ ಒಪ್ಪಿಕೊಂಡ. ಕೊನೆಯ ದಿನ ದ್ರಾವಿಡ್‌ಗೆ ಬ್ಯಾಟಿಗೆ ತಾಗದ ಚೆಂಡಿಗೆ ಔಟ್ ಕೊಟ್ಟರು. ಗಂಗೂಲಿಯ ಕ್ಯಾಚನ್ನು ಮೈಕೆಲ್ ಕ್ಲಾರ್ಕ್ ಹಿಡಿದನೋ ನೆಲಕ್ಕೆ ಒತ್ತಿದನೋ ಎಂಬ ಅನುಮಾನ. ಅಂಪೈರ್ ಮಾರ್ಕ್ ಬೆನ್ಸನ್ ಕೇಳಿದ್ದು ಎದುರು ತಂಡದ ನಾಯಕ ಪಾಂಟಿಂಗ್‌ನನ್ನು, ಬೆರಳೆತ್ತಿದ್ದೂ ಅವನೇ. ಇನ್ನೇನು ಡ್ರಾ ಆಯಿತು ಎನ್ನುವಷ್ಟರಲ್ಲಿ ಕ್ಲಾರ್ಕ್ ಐದು ಎಸೆತಗಳಲ್ಲಿ ಮೂರು ವಿಕೆಟ್ ಕಿತ್ತ. 122 ರನ್ನುಗಳ ಸೋಲು. ಶೋರೂಮಿನ ಮುಂದೆ ಅಷ್ಟು ಭಾಷೆಗಳಲ್ಲಿ ಅಷ್ಟು ಬೈಗುಳ ಒಟ್ಟಿಗೆ ಕೇಳಿದ್ದು ಆವತ್ತೇ.

ಹರ್ಭಜನ್ ಸಿಂಗ್ ಮೇಲೆ ಅಷ್ಟರಲ್ಲಿ ಆರೋಪ ಬಂದಿತ್ತು, ಸೈಮಂಡ್ಸ್‌ನನ್ನು ಕೋತಿ ಎಂದನೆಂದು. ಮ್ಯಾಚ್ ರೆಫರಿ ಮೈಕ್ ಪ್ರಾಕ್ಟರ್ ಅವನಿಗೆ ಮೂರು ಟೆಸ್ಟ್ ನಿಷೇಧ ಹಾಕಿದರು. ಅಂದನೋ ಇಲ್ಲವೋ, ಕೂಕಟ್‌ಪಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೈದಾನದಲ್ಲಿದ್ದವರೇ ಎರಡು ಥರ ಹೇಳುತ್ತಿದ್ದರು. “ಅಂದಿದ್ರೂ ಏನಾತ್ರೀ? ಅಂವ ಅದಾನೇ ಹಂಗ” ಎಂದು ಭಾಲ್ಕಿ ಕಡೆಯ ಹಿರಿಯರೊಬ್ಬರು ನಕ್ಕರು. ಅರ್ಥವಾದವರೂ ನಕ್ಕರು, ಆಗದವರೂ ನಕ್ಕರು. ಮೂರು ತಿಂಗಳ ಹಿಂದೆ, 2007ರ ಅಕ್ಟೋಬರ್‌ನಲ್ಲಿ, ವಡೋದರಾ ಮತ್ತು ಮುಂಬೈಯ ಮೈದಾನಗಳಲ್ಲಿ ನಮ್ಮದೇ ಜನ ಇದೇ ಸೈಮಂಡ್ಸ್‌ನ ಕಡೆ ಕೋತಿಯ ಹಾಗೆ ಕೂಗಿದ್ದರು. ಪತ್ರಿಕೆಗಳಲ್ಲಿ ಫೋಟೊ ಸಮೇತ ಬಂದಿತ್ತು. ಅದನ್ನು ನೆನೆಸಿದವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಜನವರಿ 29ರಂದು ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಜನಾಂಗ ನಿಂದನೆ ರುಜುವಾತಾಗಿಲ್ಲವೆಂದು ನಿಷೇಧ ತೆಗೆದು, ಬೈಗುಳಕ್ಕಾಗಿ ಪಂದ್ಯದ ಶುಲ್ಕದಲ್ಲಿ ಅರ್ಧ ದಂಡ ಹಾಕಿದರು. ನಮ್ಮ ಕಡೆ ಮೊದಲರ್ಧ ಸುದ್ದಿ ಮಾತ್ರ ಹರಡಿತು.

ಕನ್ನಡದವರಿಗೆ ಆ ಸರಣಿಯಲ್ಲಿ ಒಂದು ಹೆಚ್ಚಿನ ಹಮ್ಮು. ನಾಯಕ ಅನಿಲ್ ಕುಂಬ್ಳೆ. ಊರಿನವರಿಗೆ ಅದೇ ಸಿಡ್ನಿಯಲ್ಲಿ 109 ಹೊಡೆದ ಲಕ್ಷ್ಮಣ್ ಇದ್ದರು. ನಮಗೆ ಕೊನೆಯ ವಿಕೆಟ್ ಬೀಳುವಾಗ ಆ ತುದಿಯಲ್ಲಿ 45 ರನ್ನಿಗೆ ಔಟಾಗದೆ ನಿಂತಿದ್ದ ಕುಂಬ್ಳೆ ಇದ್ದರು. ಸಂಜೆ ಪತ್ರಕರ್ತರ ಮುಂದೆ ಅವರು, ಆಟದ ಮರ್ಯಾದೆಗೆ ತಕ್ಕಂತೆ ಆಡಿದ್ದು ಒಂದೇ ತಂಡ ಎಂದರು. 1933ರಲ್ಲಿ ಇಂಗ್ಲೆಂಡಿನ ಮೈಗೆಸೆಯುವ ಬೌಲಿಂಗ್ ಕಂಡು ಆಸ್ಟ್ರೇಲಿಯಾದ ನಾಯಕ ಬಿಲ್ ವುಡ್‌ಫುಲ್ ಅಡಿಲೇಡಿನಲ್ಲಿ ಆಡಿದ್ದ ಮಾತನ್ನು ಅವರ ಮನೆಯಂಗಳದಲ್ಲೇ ತಿರುಗಿಸಿ ಕೊಟ್ಟಂತಾಯಿತು. ಆ ಮಾತು ಎಸ್ಸೆಮ್ಮೆಸ್ಸಾಗಿ ಹಾಸ್ಟೆಲಿಂದ ಹಾಸ್ಟೆಲಿಗೆ ಓಡಾಡಿತು. ಗುಂಟೂರು ಕಡೆಯ ನಮ್ಮ ಮನೆ ಮಾಲೀಕರು ಮೆಟ್ಟಿಲಲ್ಲಿ ಸಿಕ್ಕವರು, ಬಾಡಿಗೆ ವಿಷಯ ಬಿಟ್ಟು, “ನಿಮ್ಮ ಕುಂಬ್ಳೆ ಜಡ್ಜ್ ಆಗಬೇಕಿತ್ತು” ಎಂದರು.

ಆದರೆ ಕುಂಬ್ಳೆ ಇನ್ನೊಂದು ಕೆಲಸ ಮಾಡಿದರು, ಅದು ಯಾರ ಫೋನಿಗೂ ಬರಲಿಲ್ಲ. ತನ್ನನ್ನೂ ಧೋನಿಯನ್ನೂ ಬೈದನೆಂದು ಬ್ರ್ಯಾಡ್ ಹಾಗ್ ಮೇಲೆ ಭಾರತ ಕೊಟ್ಟಿದ್ದ ದೂರನ್ನು ಪರ್ತ್ ಟೆಸ್ಟಿಗೆ ಮುಂಚೆ ಹಿಂದಕ್ಕೆ ಪಡೆದರು. ನನಗೆ ಆ ಚುರುಕು ಮಾತಿಗಿಂತ ಇದು ದೊಡ್ಡದು. ಪತ್ರಿಕೆಗಳಲ್ಲಿ ಚೂರೇ ಜಾಗ ಸಿಕ್ಕಿತು. ಪರ್ತ್‌ನಲ್ಲಿ ಭಾರತ 72 ರನ್ನುಗಳಿಂದ ಗೆದ್ದಿತು. ಕುಂಬ್ಳೆಯವರ 600ನೇ ಟೆಸ್ಟ್ ವಿಕೆಟ್ ಅಲ್ಲೇ ಬಿತ್ತು. ಸ್ಲಿಪ್ಪಿನಲ್ಲಿ ಕ್ಯಾಚ್ ಹಿಡಿದದ್ದು ದ್ರಾವಿಡ್, ಔಟಾದದ್ದು ಸೈಮಂಡ್ಸ್. ಭಾಲ್ಕಿಯ ಹಿರಿಯರು ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದರು.

ಆಮೇಲೆ ಐಪಿಎಲ್ ಹರಾಜು. ಹೈದರಾಬಾದಿನ ತಂಡ ಡೆಕ್ಕನ್ ಚಾರ್ಜರ್ಸ್ 13.5 ಲಕ್ಷ ಡಾಲರ್ ಕೊಟ್ಟು ಸೈಮಂಡ್ಸ್‌ನನ್ನು ಕೊಂಡಿತು. ಅಂದಿನ ಪಟ್ಟಿಯಲ್ಲಿ ಅವನಿಗಿಂತ ದುಬಾರಿ ಧೋನಿ ಒಬ್ಬನೇ. ನಾಯಕ ಲಕ್ಷ್ಮಣ್, ವಿಕೆಟ್ ಹಿಂದೆ ಗಿಲ್‌ಕ್ರಿಸ್ಟ್. ಸಿಡ್ನಿಯಲ್ಲಿ ಎದುರುಬದುರಾಗಿದ್ದವರು ಉಪ್ಪಲ್ ಸ್ಟೇಡಿಯಮ್ಮಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟರು. ಏಪ್ರಿಲ್ 24, ಗುರುವಾರ, ರಾಜಸ್ಥಾನದ ಮೇಲೆ ಮ್ಯಾಚು. ಕೂಕಟ್‌ಪಲ್ಲಿಯಿಂದ ಉಪ್ಪಲ್ ಎಂದರೆ ಊರಿನ ಈ ಕೊನೆಯಿಂದ ಆ ಕೊನೆ. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಬೇಕು. ಸೈಮಂಡ್ಸ್ 53 ಎಸೆತಗಳಲ್ಲಿ 117 ಚಚ್ಚಿದ. ಶೋರೂಮಿನ ಮುಂದೆ ಅವನ ವಂಶವನ್ನೆಲ್ಲ ಉದ್ಧರಿಸಿದ್ದ ಮನೆ ಮಾಲೀಕರ ಮಗ ಕುರ್ಚಿಯ ಮೇಲೆ ಹತ್ತಿ ಅವನ ಹೆಸರು ಕೂಗುತ್ತಿದ್ದ. ಜನವರಿಯಲ್ಲಿ ಏನಂದಿದ್ದೆ ನೆನಪಿದೆಯೇನೋ ಎಂದೆ. “ಅನ್ನಾ, ಈಗ ಅವನು ಮನೋಡು” ಎಂದ. ನಮ್ಮವನಂತೆ. ಕೊನೆಯ ಓವರನ್ನೂ ನಮ್ಮವನ ಕೈಗೇ ಕೊಟ್ಟರು. ಶೇನ್ ವಾರ್ನ್ ಅವನನ್ನು ಸಿಕ್ಸರಿಗೆ ಎತ್ತಿ ಮ್ಯಾಚು ಗೆದ್ದುಕೊಂಡು ಹೋದ. ವಾಪಸ್ ಬರುವ ಬಸ್ಸಿನಲ್ಲಿ ಸೈಮಂಡ್ಸ್ ಮತ್ತೆ ಬೈಸಿಕೊಂಡ. ಈ ಸಲ ಬರೀ ಬೌಲಿಂಗಿಗೆ.

ಮರುವರ್ಷ ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಡೆಕ್ಕನ್ ಚಾರ್ಜರ್ಸ್ ಒಂದು ಕಡೆ, ಕುಂಬ್ಳೆಯವರ ಬೆಂಗಳೂರು ಇನ್ನೊಂದು ಕಡೆ. ಕುಂಬ್ಳೆ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕಳಿಸಿ 16 ರನ್ನಿಗೆ 4 ವಿಕೆಟ್ ತೆಗೆದರು. ಸೈಮಂಡ್ಸ್ ಒಂದೇ ಓವರಿನಲ್ಲಿ ರಾಸ್ ಟೇಲರ್ ಮತ್ತು ಕೊಹ್ಲಿಯನ್ನು ಹೊರಗೆ ಹಾಕಿದ. ಆರು ರನ್ನುಗಳಿಂದ ನಾವು ಸೋತೆವು, ಅಥವಾ ನಾವು ಗೆದ್ದೆವು. ಮಾಲೀಕರ ಮಗ ಗೇಟಿನ ಮುಂದೆ ಪಟಾಕಿ ಹಚ್ಚಿದ, ನಾವು ಒಳಗಿನಿಂದ ಚಿಲಕ ಹಾಕಿಕೊಂಡೆವು. 2011ರಲ್ಲಿ ಹರ್ಭಜನ್ ಮತ್ತು ಸೈಮಂಡ್ಸ್ ಮುಂಬೈ ತಂಡದಲ್ಲಿ ಒಟ್ಟಿಗೆ ಆಡಿದರು. ಅವರವರ ನಡುವೆ ಏನಾಯಿತೋ ಅವರಿಗೆ ಬಿಟ್ಟದ್ದು. 2022ರ ಮೇ 14ರಂದು ಸೈಮಂಡ್ಸ್ ಟೌನ್ಸ್‌ವಿಲ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡ. ಆ ಹೊತ್ತಿಗೆ ಡೆಕ್ಕನ್ ಚಾರ್ಜರ್ಸ್ ಕೂಡ ಇರಲಿಲ್ಲ.

ಅದರ ಜಾಗಕ್ಕೆ ಸನ್‌ರೈಸರ್ಸ್ ಬಂದಿತ್ತು, ಡೇವಿಡ್ ವಾರ್ನರ್ ಬಂದಿದ್ದ. 2015ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ರೋಹಿತ್ ಶರ್ಮಾನ ಜೊತೆ ಜಗಳವಾಡಿ ಅರ್ಧ ಶುಲ್ಕ ದಂಡ ಕಟ್ಟಿದವನು ಏಪ್ರಿಲ್‌ನಲ್ಲಿ ಹೈದರಾಬಾದಿನ ನಾಯಕ. 2018ರಲ್ಲಿ ಕೇಪ್‌ಟೌನಿನಲ್ಲಿ ಚೆಂಡಿಗೆ ಉಪ್ಪುಕಾಗದ ಉಜ್ಜಿದ ಪ್ರಕರಣದಲ್ಲಿ ಒಂದು ವರ್ಷ ನಿಷೇಧ ತಿಂದು, 2019ರಲ್ಲಿ ಮರಳಿ ಬಂದು 692 ರನ್ ಹೊಡೆದ. ಮಿಕ್ಕ ಊರುಗಳಲ್ಲಿ ಮೋಸಗಾರ. ಇಲ್ಲಿ ತೆಲುಗು ಹಾಡಿಗೆ ಕುಣಿಯುವ ವಾರ್ನರ್ ಮಾಮ. ಕಡೆಗೆ 2025ರಲ್ಲಿ ‘ರಾಬಿನ್‌ಹುಡ್’ ಎಂಬ ತೆಲುಗು ಸಿನಿಮಾದಲ್ಲೂ ಮುಖ ತೋರಿಸಿದ. ಕೂಕಟ್‌ಪಲ್ಲಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಭ್ರಮರಾಂಬ, ಮಲ್ಲಿಕಾರ್ಜುನ ಥಿಯೇಟರುಗಳ ಮುಂದೆ ಬೆಳೆದವರಿಗೆ ವಿಲನ್ ಆಗಿದ್ದವನು ಹೀರೊ ಆಗುವುದು ಹೊಸದಲ್ಲ.

2021ರ ಜನವರಿಯಲ್ಲಿ ಮತ್ತೆ ಸಿಡ್ನಿ. ಈಗ ಬೈಸಿಕೊಂಡವನು ನಮ್ಮೂರಿನವನು. ಫಸ್ಟ್ ಲ್ಯಾನ್ಸರ್ ಬಸ್ತಿಯ ಮೊಹಮ್ಮದ್ ಸಿರಾಜ್; ತಂದೆ ಮೊಹಮ್ಮದ್ ಗೌಸ್ ಆಟೊ ಓಡಿಸುತ್ತಿದ್ದವರು, ಹಿಂದಿನ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಮಗ ಮಣ್ಣಿಗೆ ಬರದೆ ಆಸ್ಟ್ರೇಲಿಯಾದಲ್ಲೇ ಉಳಿದಿದ್ದ. ಬೌಂಡರಿ ಬಳಿ ನಿಂತವನಿಗೆ ಜನರ ಕಡೆಯಿಂದ ನಿಂದನೆ ಬಂದಾಗ ಸಿರಾಜ್ ನೇರ ನಾಯಕ ರಹಾನೆಗೆ ಹೇಳಿದ. ಆಟ ನಿಂತಿತು, ಆರು ಮಂದಿಯನ್ನು ಸ್ಟೇಡಿಯಮ್ಮಿನಿಂದ ಎಬ್ಬಿಸಿ ಕಳಿಸಿದರು. ಮೂಸಾಪೇಟೆಯ ಆಟೊ ಸ್ಟ್ಯಾಂಡಿನಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಚರ್ಮದ ಬಣ್ಣ ನೋಡಿ ಬೈಯುವವರು ಮನುಷ್ಯರೇ ಅಲ್ಲ ಎಂದು ಒಬ್ಬರು ಮೀಟರ್ ಬಡಿದು ಹೇಳಿದರು. ಸರಿಯಾದ ಮಾತು. ಹದಿಮೂರು ವರ್ಷ ತಡವಾಗಿತ್ತು.

ಆಮೇಲೆ 2023ರ ನವೆಂಬರ್ 19. ಅಹಮದಾಬಾದಿನ ವಿಶ್ವಕಪ್ ಫೈನಲ್. ತುಂಬಿದ ಸ್ಟೇಡಿಯಮ್ಮಿನ ಬಾಯಿ ಮುಚ್ಚಿಸುವುದಕ್ಕಿಂತ ಸುಖವಿಲ್ಲ ಎಂಬರ್ಥದ ಮಾತನ್ನು ಪ್ಯಾಟ್ ಕಮಿನ್ಸ್ ಹಿಂದಿನ ದಿನವೇ ಆಡಿದ್ದ, ಮರುದಿನ ಟ್ರಾವಿಸ್ ಹೆಡ್ 137 ಹೊಡೆದು ಮುಚ್ಚಿಸಿದ. ಒಂದು ತಿಂಗಳಿಗೆ ಸನ್‌ರೈಸರ್ಸ್ ಕಮಿನ್ಸ್‌ನನ್ನು 20.5 ಕೋಟಿಗೆ, ಹೆಡ್‌ನನ್ನು 6.8 ಕೋಟಿಗೆ ಕೊಂಡಿತು. ನನ್ನ ಅಕ್ಕನ ಮಗ, ಫೈನಲ್ ದಿನ ಊಟ ಬಿಟ್ಟು ಮಲಗಿದ್ದವನು, ಬೇಸಿಗೆಗೆ ಹೆಡ್ ಹೆಸರಿನ ಕಿತ್ತಳೆ ಅಂಗಿ ತಂದ. ನಾನೇನೂ ಕೇಳಲಿಲ್ಲ.

ಆ ಅಂಗಿಗೆ ನಿಜವಾದ ಕಷ್ಟ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಅಡಿಲೇಡ್ ಟೆಸ್ಟಿನಲ್ಲಿ ಹೆಡ್ 140 ಹೊಡೆದಿದ್ದಾಗ ಸಿರಾಜ್ ಬೌಲ್ಡ್ ಮಾಡಿದ. ಮಾಡಿ, ಪೆವಿಲಿಯನ್ ಕಡೆ ಕೈ ತೋರಿಸಿ ಹೋಗು ಹೋಗು ಎಂದ. ಚೆನ್ನಾಗಿ ಎಸೆದೆ ಎಂದಿದ್ದೆ ಎಂದು ಹೆಡ್ ಹೇಳಿದ. ಸುಳ್ಳು, ಬೈದ ಎಂದು ಸಿರಾಜ್ ಹೇಳಿದ. ಆಸ್ಟ್ರೇಲಿಯಾದ ಜನ ಸಿರಾಜ್ ಚೆಂಡು ಮುಟ್ಟಿದಾಗೆಲ್ಲ ಹೋ ಎಂದರು. ಐಸಿಸಿ ಇಬ್ಬರಿಗೂ ಒಂದೊಂದು ಡಿಮೆರಿಟ್ ಅಂಕ ಕೊಟ್ಟು, ಸಿರಾಜ್‌ಗೆ ಮಾತ್ರ ಶೇ 20 ದಂಡ ಹಾಕಿತು. 2008ರಲ್ಲಿ ತಿಂಗಳಿಡೀ ನಡೆದ ಕಥೆ ಈಗ ಎರಡೇ ದಿನಕ್ಕೆ ಮುಗಿಯಿತು. ಆಗ ಸದ್ದಿಲ್ಲದ ಟೀವಿ ನೋಡಿ ನಮಗೆ ಬೇಕಾದ ಮಾತನ್ನು ಅವರ ಬಾಯಿಗೆ ಹಾಕುತ್ತಿದ್ದೆವು. ಈಗ ಅದೇ ತುಣುಕನ್ನು ಫೋನಿನಲ್ಲಿ ನಿಧಾನ ಮಾಡಿ, ದೊಡ್ಡದು ಮಾಡಿ, ತುಟಿ ಓದಿ, ಆಮೇಲೂ ಬೇಕಾದ ಮಾತನ್ನೇ ಹಾಕುತ್ತೇವೆ. ತೆಲಂಗಾಣ ಪೊಲೀಸ್ ಇಲಾಖೆ ಆ ವರ್ಷದ ಅಕ್ಟೋಬರ್‌ನಲ್ಲಿ ಸಿರಾಜ್‌ಗೆ ಡಿಎಸ್‌ಪಿ ಹುದ್ದೆ ಕೊಟ್ಟಿತ್ತು; ಡಿಎಸ್‌ಪಿ ಸಾಬ್ ಹೆಡ್‌ನನ್ನು ಠಾಣೆಗೆ ಕರೆದ ಚಿತ್ರಗಳು ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಹಾಲಿನ ಬಿಲ್ಲಿನ ನಡುವೆ ಬರುತ್ತಿದ್ದವು. 140 ಹೊಡೆದವನನ್ನು ಹಾಗೆ ಕಳಿಸುವ ಅಗತ್ಯವಿರಲಿಲ್ಲ ಎಂದು ಗಾವಸ್ಕರ್ ಹೇಳಿದರು. 1981ರಲ್ಲಿ ಮೆಲ್ಬರ್ನ್‌ನಲ್ಲಿ ಜೊತೆಗಾರ ಚೇತನ್ ಚೌಹಾಣ್‌ರನ್ನೂ ಎಳೆದುಕೊಂಡು ಮೈದಾನ ಬಿಟ್ಟು ಹೊರಟಿದ್ದವರು ಅವರೇ, ಆದರೂ ಮಾತು ಸರಿಯಾಗಿತ್ತು. ಅದೇ ತಿಂಗಳ 26ರಂದು 36 ವರ್ಷದ ಕೊಹ್ಲಿ 19ರ ಹುಡುಗ ಸ್ಯಾಮ್ ಕೊನ್‌ಸ್ಟಾಸ್‌ಗೆ ಭುಜ ಕೊಟ್ಟು ತಾನೂ ಶೇ 20 ಕಟ್ಟಿದ. ಪಾಂಟಿಂಗ್ ಹಾಗೆ ಮಾಡಿದ್ದರೆ ಆ ಶೋರೂಮಿನ ಗಾಜು ಉಳಿಯುತ್ತಿರಲಿಲ್ಲ.

2025ರ ಏಪ್ರಿಲ್ 6, ಶ್ರೀರಾಮನವಮಿ. ಬೀದಿಬೀದಿಯ ಪೆಂಡಾಲಿನಲ್ಲಿ ಪಾನಕ, ವಡಪಪ್ಪು ಹಂಚುತ್ತಿದ್ದರು. ಅಕ್ಕನ ಮಗ ನನ್ನನ್ನು ಉಪ್ಪಲ್‌ಗೆ ಎಳೆದುಕೊಂಡು ಹೋದ. ಈಗ ಕೆಪಿಎಚ್‌ಬಿಯಲ್ಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿದರೆ ‘ಸ್ಟೇಡಿಯಂ’ ಎಂಬ ಹೆಸರಿನದೇ ನಿಲ್ದಾಣವಿದೆ. ಸಿರಾಜ್ ಆ ವರ್ಷ ಗುಜರಾತಿನ ಅಂಗಿಯಲ್ಲಿದ್ದ, ಹೆಡ್ ನಮ್ಮದರಲ್ಲಿ. ಮೊದಲ ಓವರಿನಲ್ಲೇ ಸಿರಾಜ್ ಹೆಡ್‌ನನ್ನು ಔಟ್ ಮಾಡಿದ. ನಮ್ಮ ಸ್ಟ್ಯಾಂಡಿನಲ್ಲಿ ಅರ್ಧ ಜನ ಕುಣಿದರು, ಆ ಕುಣಿದವರಲ್ಲೂ ಅರ್ಧ ಜನ ಕಿತ್ತಳೆ ಅಂಗಿಯವರು. ಅಕ್ಕನ ಮಗ ಬೆನ್ನ ಮೇಲೆ ಹೆಡ್‌ನ ಹೆಸರು ಹೊತ್ತುಕೊಂಡು ಸಿರಾಜ್, ಸಿರಾಜ್ ಎಂದು ಕಿರುಚಿದ. 17 ರನ್ನಿಗೆ 4 ವಿಕೆಟ್ ಕಿತ್ತ ಸಿರಾಜ್ ತವರಿನ ತಂಡವನ್ನು ಮಲಗಿಸಿದ.

“ಒಂದು ಕಡೆ ನಿಲ್ಲೋ” ಎಂದೆ, ವಾಪಸ್ ಮೆಟ್ರೊದಲ್ಲಿ.

“ಮಾಮಾ, ನೀವು ಕುಂಬ್ಳೆ ಇದ್ದಾಗ ಯಾವ ಕಡೆ ಇದ್ರಿ? ಹೈದ್ರಾಬಾದಿನ ನೀರು ಕುಡದು ಬೆಂಗ್ಳೂರಿಗೆ ಕೂಗ್ತಿರ್ಲಿಲ್ಲೇನು?” ಎಂದ.

ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಬೆನ್ ಡಕೆಟ್‌ನ ಮುಖದ ಮುಂದೆ ಅರಚಿ ಸಿರಾಜ್ ಮತ್ತೆ ಶೇ 15 ದಂಡ ಕಟ್ಟಿದ. ಆಗಸ್ಟ್ 4ರ ಸೋಮವಾರ ಸಂಜೆ ಓವಲ್‌ನಲ್ಲಿ ಕೊನೆಯ ವಿಕೆಟ್ ಕಿತ್ತು ಭಾರತವನ್ನು ಆರು ರನ್ನುಗಳಿಂದ ಗೆಲ್ಲಿಸಿದ. ಐದೂ ಟೆಸ್ಟ್ ಆಡಿ ಸರಣಿಯಲ್ಲಿ 23 ವಿಕೆಟ್. ಆಫೀಸಿನಿಂದ ಬರುವಾಗ ಆಟೊ ಸ್ಟ್ಯಾಂಡಿನಲ್ಲಿ ಬಂದವರಿಗೆಲ್ಲ ಚಹಾ ಕೊಡುತ್ತಿದ್ದರು. ಅಲ್ಲಿ ಡಕೆಟ್‌ನ ಹೆಸರೆತ್ತಿದವನು ಒಬ್ಬನೇ, ಪಾಪ ಕಾಲೇಜು ಹುಡುಗ. ಅವನಿಗೂ ಚಹಾ ಕೊಟ್ಟರು, ಕಡೆಗೆ.